ಪಾಸಿದ್ದೂ ಟಿಕೆಟ್ ಕೊಳ್ಳುತ್ತಿದ್ದ ಹರಿಪ್ರಿಯಾ

ಮದರಾಸಿನ ಎಗ್ಮೋರಿನಲ್ಲಿದ್ದ ನಮ್ಮ ಕಚೇರಿಗೆ ಫೋನು ಮಾಡಿದವರಿಗೆ ಮೊದಲು ಕೇಳಿಸುತ್ತಿದ್ದುದು ಹರಿಪ್ರಿಯಾ ಅವರ ದನಿ. "ವಣಕ್ಕಂ" ಎಂದು ಶುರು ಮಾಡಿ, ಎದುರಿನವರ ಮೊದಲ ಮಾತಿನಲ್ಲೇ ಭಾಷೆ ಹಿಡಿದು, ತಮಿಳಿಗೆ ತಮಿಳು, ತೆಲುಗಿಗೆ ತೆಲುಗು, ಇಂಗ್ಲಿಷಿಗೆ ಇಂಗ್ಲಿಷು ಮಾತಾಡಿ ಲೈನು ಕೊಡುತ್ತಿದ್ದರು. ನಾನು ಹಾಸನದಿಂದ ಅಲ್ಲಿಗೆ ವರ್ಗವಾಗಿ ಹೋದದ್ದು ೧೯೯೭ರಲ್ಲಿ. ಮೊದಲ ದಿನವೇ ಊರಿಗೊಂದು ಫೋನು ಮಾಡಬೇಕಿತ್ತು. ತಮಿಳು ಬಾರದ ನಾನು ಮುರುಕು ಇಂಗ್ಲಿಷಿನಲ್ಲಿ ಹಾಸನದ ನಂಬರು ಕೇಳಿದೆ. ಆ ಕಡೆಯಿಂದ ನಗು ಕೇಳಿಸಿತು. "ಹಾಸನ ಅಂದ್ರಿ. ಕನ್ನಡದಲ್ಲೇ ಕೇಳಬಹುದಿತ್ತಲ್ರೀ?"

ಊಟದ ಹೊತ್ತಿಗೆ ಆ ದನಿಯನ್ನು ಹುಡುಕಿಕೊಂಡು ಮೆಟ್ಟಿಲ ಕೆಳಗಿನ ಟೆಲಿಫೋನ್ ಬೋರ್ಡ್ ರೂಮಿಗೆ ಹೋದೆ. ನನಗಿಂತ ಐದಾರು ವರ್ಷ ದೊಡ್ಡವರಿರಬಹುದಾದ ಹೆಂಗಸು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕಿವಿಗೆ ಹೆಡ್‌ಫೋನು, ಬೆರಳುಗಳು ಗುಂಡಿಗಳ ಮೇಲೆ. ಬಾಗಿಲಲ್ಲಿ ನಿಂತು ಮುಗುಳ್ನಕ್ಕೆ. ಅವರು ನಗಲಿಲ್ಲ.

"ಯಾರೋ ನಿಂತಿದೀರಿ. ಮಾತಾಡ್ರೀ. ಸುಮ್ಮಾ ನಿಂತ್ರೆ ನನಗೆ ಹೇಗೆ ಗೊತ್ತಾಗ್ಬೇಕು?" ಎಂದರು.

ಅವರಿಗೆ ಕಣ್ಣಿಲ್ಲವೆಂದು ನನಗೆ ತಿಳಿದದ್ದು ಆಗ.

ಮುತ್ತಜ್ಜನ ಕಾಲಕ್ಕೇ ಮದರಾಸು ಸೇರಿದ ಮಾಧ್ವ ಕುಟುಂಬ ಅವರದು. ಪುರಸೈವಾಕ್ಕಂನಲ್ಲಿ ಬಟ್ಟೆ ಅಂಗಡಿಗಳ ಸಾಲಿನ ಹಿಂದೆ ಒಂದು ಓಣಿಯಲ್ಲಿ ಮನೆ. ಮನೆಮಾತು ಕನ್ನಡವೇ, ಆದರೆ ನಡುನಡುವೆ ತಮಿಳು ಇಣುಕುತ್ತಿತ್ತು. ಚಿಕ್ಕಂದಿನಲ್ಲಿ ಸಿಡುಬು ಎದ್ದು ಕಣ್ಣು ಹೋಗಿತ್ತು. ತಂದೆ ತಾಯಿ ತೀರಿಕೊಂಡ ಮೇಲೆ ಅವರನ್ನು ನೋಡಿಕೊಂಡದ್ದು ಅಣ್ಣ ಕಮಲಾಕರ. ವಿಮಾ ಕಂಪನಿಯೊಂದರಲ್ಲಿ ಅಧಿಕಾರಿ. ತಂಗಿಯನ್ನು ಕೈ ಹಿಡಿದು ಕುರುಡರ ಶಾಲೆಗೆ ಕರೆದುಕೊಂಡು ಹೋಗಿ ಬಂದವರು, ಟೆಲಿಫೋನು ಕೆಲಸದ ತರಬೇತಿಗೆ ಸೇರಿಸಿದವರು, ಅಂಗವಿಕಲರ ಮೀಸಲಾತಿಯಲ್ಲಿ ಈ ನೌಕರಿ ಸಿಗುವವರೆಗೂ ಕಚೇರಿಯಿಂದ ಕಚೇರಿಗೆ ಅಲೆದವರು ಅವರೇ. ನೌಕರಿ ಸಿಕ್ಕಿದ ಮೇಲೂ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ತಂದು ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದರಂತೆ. ಅಣ್ಣನಿಗೆ ಕೆಲಸ ಮುಗಿಯುವುದು ತಡವಾದರೆ ಹರಿಪ್ರಿಯಾ ಕಾವಲುಗಾರನ ಸ್ಟೂಲಿನ ಮೇಲೆ ಕಾಯಬೇಕಿತ್ತು.

"ಅಪ್ಪುರಂ, ಆಮೇಲೆ, ಬಸ್ ಪಾಸ್ ಬಂತು," ಎಂದು ಅವರು ಒಮ್ಮೆ ನನಗೆ ಹೇಳಿದರು. "ಮೊದಲ ದಿನ ಅಣ್ಣ ಸ್ಕೂಟರಲ್ಲಿ ಬಸ್ಸಿನ ಹಿಂದೆಯೇ ಬಂದಿದಾನೆ, ನನಗೆ ಹೇಳದೆ. ಎಗ್ಮೋರಲ್ಲಿ ಇಳಿದಾಗ ಅವನ ಸ್ಕೂಟರಿನ ಶಬ್ದ ಕೇಳಿಸ್ತು. ನಾನು ಕೇಳಿಸದ ಹಾಗೆ ನಡ್ಕೊಂಡು ಬಂದ್ಬಿಟ್ಟೆ. ಪಾಪ, ಅವನಿಗೆ ಇವತ್ತಿಗೂ ಗೊತ್ತಿಲ್ಲ."

ಫೋಟೋ ಅಂಟಿಸಿ ಮೊಹರು ಒತ್ತಿದ ಒಂದು ಕಾರ್ಡು ಆ ಪಾಸು. ಕಣ್ಣಿಲ್ಲದವರು ಮನೆಯಿಂದ ಕೆಲಸಕ್ಕೆ ಪುಕ್ಕಟೆ ಹೋಗಿ ಬರಬಹುದು. ಎಲ್ಲಿಂದ ಎಲ್ಲಿಗೆ ಎಂದು ಅದರ ಮೇಲೆಯೇ ಬರೆದಿರುತ್ತಿತ್ತು. ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಹೊಸ ಪಾಸು ಬಂದಾಗ ಹರಿಪ್ರಿಯಾ ಅದನ್ನು ನನ್ನ ಕೈಗೆ ಕೊಟ್ಟು, "ಫೋಟೋ ಹೇಗಿದೆ? ನಗ್ತಾ ಇದೀನಾ?" ಎಂದು ಕೇಳುತ್ತಿದ್ದರು. ನಗುತ್ತಿರಲಿಲ್ಲ. ಆದರೂ ನಾನು ಹೌದೆನ್ನುತ್ತಿದ್ದೆ.

ನನಗೂ ಅದೇ ಓಣಿಯ ಹತ್ತಿರ ಬಾಡಿಗೆ ಮನೆ ಸಿಕ್ಕಿದ್ದರಿಂದ ನಾವಿಬ್ಬರೂ ಒಂದೇ ಬಸ್ಸಿಗೆ ಹೋಗತೊಡಗಿದೆವು. ಆಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ನಾನು ಒಬ್ಬಳೇ ನಿಂತಿದ್ದರೆ ಬಸ್ಸು ಸ್ಟಾಪಿಗೆ ಬಂದು ನಿಲ್ಲುತ್ತಿತ್ತು. ಬಿಳಿ ಕೋಲು ಹಿಡಿದ ಹರಿಪ್ರಿಯಾ ಪಕ್ಕದಲ್ಲಿದ್ದರೆ ಎಷ್ಟೋ ಸಲ ಸ್ಟಾಪು ದಾಟಿ, ಅಷ್ಟು ದೂರ ಹೋಗಿ ನಿಲ್ಲುತ್ತಿತ್ತು. ಓಡಿ ಹೋಗಿ ಹತ್ತುವವರು ಹತ್ತಬೇಕು. ಹತ್ತಿದ ಮೇಲೂ ಕೆಲವು ಕಂಡಕ್ಟರುಗಳು, "ಪಾಸಾ? ಹಿಂದೆ ಹೋಗಿ," ಎಂದು ಗದರುತ್ತಿದ್ದರು. ಎಲ್ಲರೂ ಅಂಥವರಲ್ಲ. ಕೈ ಹಿಡಿದು ಕೂರಿಸುವವರೂ ಇದ್ದರು. ಆದರೆ ಇವತ್ತು ಯಾರು ಬರುತ್ತಾರೆಂದು ಮೊದಲೇ ಹೇಳುವಂತಿರಲಿಲ್ಲ.

ಬೋರ್ಡಿನ ಮೇಲೆ ಮಧ್ಯಾಹ್ನ ಫೋನುಗಳು ಕಡಿಮೆಯಾದಾಗ ಹರಿಪ್ರಿಯಾ ಒಬ್ಬರೊಡನೆ ಮಾತಾಡುವುದು ನನಗೆ ತಿಳಿದದ್ದು ಮರುವರ್ಷ. ಚಂದ್ರಶೇಖರ ಅಂತ. ಮುಳಬಾಗಿಲ ಕಡೆಯವರು. ಹುಟ್ಟಿನಿಂದಲೇ ಕಣ್ಣು ಕಾಣದು. ಮದರಾಸಿನಲ್ಲಿ ಅದೇ ಟೆಲಿಫೋನು ತರಬೇತಿ ಮುಗಿಸಿ ಮಣಲಿಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದರು. ಕಾರ್ಖಾನೆಯಿಂದ ನಮ್ಮ ಕಚೇರಿಗೆ ಏನೋ ವಿಚಾರಣೆಗೆ ಬಂದ ಫೋನಿನಲ್ಲಿ ಇಬ್ಬರಿಗೂ ಪರಿಚಯ. ಆ ಬೋರ್ಡಿನಿಂದ ಈ ಬೋರ್ಡಿಗೆ ಮಾತು. ಹರಿಪ್ರಿಯಾ ಒಮ್ಮೆ ಅವರ ದನಿಯನ್ನು ನನಗೂ ಕೇಳಿಸಿದರು. ಮೆಲ್ಲಗೆ, ಎಳೆದು ಮಾತಾಡುವ ಮನುಷ್ಯ.

"ನಿಮ್ಮ ಗೆಳತಿ ಅನ್ನ ಉಂಡ್ರಾ ಇಲ್ವಾ ನೋಡ್ರಮ್ಮ," ಎಂದರು ನನಗೆ. "ನಾನ್ ಕೇಳಿದ್ರೆ ಉಂಡೆ ಅಂತಾರೆ. ಸುಳ್ಳು ಅಂತ ದನೀಲೇ ಗೊತ್ತಾಗ್ತೈತೆ."

ಭೇಟಿಯಾಗುವುದು ಸುಲಭವಿರಲಿಲ್ಲ. ಚಂದ್ರಶೇಖರ ಪೆರಂಬೂರಿನಲ್ಲಿ ರೂಮು ಮಾಡಿಕೊಂಡಿದ್ದರು. ಅವರ ಪಾಸು ಪೆರಂಬೂರಿಗೂ ಮಣಲಿಗೂ, ಇವರದು ಪುರಸೈವಾಕ್ಕಂಗೂ ಎಗ್ಮೋರಿಗೂ. ಒಬ್ಬರ ಪಾಸು ಇನ್ನೊಬ್ಬರ ದಾರಿಗೆ ಬರದು. ಭಾನುವಾರ ಚಂದ್ರಶೇಖರ ಟಿಕೆಟ್ ಕೊಂಡು ಬರುತ್ತಿದ್ದರು. ಪುರಸೈವಾಕ್ಕಂನ ಜನಜಂಗುಳಿಯಲ್ಲಿ, ಪಾತ್ರೆ ಅಂಗಡಿಯೊಂದರ ಮುಂದೆ ಇಬ್ಬರೂ ಕೋಲು ಹಿಡಿದು ನಿಂತು ಮಾತಾಡುವುದನ್ನು ನಾನೇ ನೋಡಿದ್ದೇನೆ. ಸುತ್ತಲಿನ ಜನ ಸರಿದು ಹೋಗುತ್ತಿದ್ದರು. ಅವರು ಮಾತ್ರ ಹೊಳೆಯ ನಡುವಿನ ಬಂಡೆಯ ಹಾಗೆ ಅಲ್ಲೇ.

ಮದುವೆಯ ಮಾತು ಎತ್ತಿದಾಗ ಕಮಲಾಕರ ಒಪ್ಪಲಿಲ್ಲ. ಜಾತಿ ಬೇರೆ ಎಂಬುದು ಮೊದಲನೆಯದು. ಆದರೆ ಅವರು ಬಾಯಿಬಿಟ್ಟು ಹೇಳಿದ್ದು ಬೇರೆ.

"ಇಬ್ಬರಿಗೂ ಕಣ್ಣಿಲ್ಲ. ಗ್ಯಾಸ್ ಯಾರು ನೋಡ್ತಾರೆ? ರೋಡ್ ಯಾರು ದಾಟಿಸ್ತಾರೆ? ಒಬ್ಬರಿಗೊಬ್ಬರು ತಗುಲಿ ಎಡವಿ ಬೀಳ್ತೀರಿ, ಹರಿ."

"ಇಷ್ಟು ವರ್ಷ ನಾನು ಎಡವಿ ಬಿದ್ದದ್ದು ಎಷ್ಟು ಸಲ ಹೇಳಣ್ಣ?" ಎಂದು ಹರಿಪ್ರಿಯಾ ಕೇಳಿದರಂತೆ.

೧೯೯೯ರಲ್ಲಿ ರಿಜಿಸ್ಟರ್ ಮದುವೆಯಾಯಿತು. ಸಾಕ್ಷಿಗೆ ಸಹಿ ಹಾಕಿದವಳು ನಾನು. ಕಮಲಾಕರ ಬರಲಿಲ್ಲ. ಅತ್ತಿಗೆ ಜಯಲಕ್ಷ್ಮೀ ಒಂದು ರೇಷ್ಮೆ ಸೀರೆಯನ್ನು ಗುಟ್ಟಾಗಿ ನನ್ನ ಕೈಲಿ ಕಳಿಸಿದ್ದರು. ಪುರಸೈವಾಕ್ಕಂನಲ್ಲೇ ಒಂದು ವಠಾರದ ಹಿಂಭಾಗದಲ್ಲಿ ಒಂದು ಕೋಣೆ, ಒಂದು ಅಡಿಗೆಮನೆಯ ಪೋರ್ಷನ್ ಹಿಡಿದರು. ಚಂದ್ರಶೇಖರ ಪಾಸು ಬದಲಾಯಿಸಿಕೊಂಡರು. ಮಣಲಿಗೆ ಹೋಗಲು ಈಗ ಮೂಲಕಡೈನಲ್ಲಿ ಬಸ್ಸು ಬದಲಿಸಬೇಕಿತ್ತು. ಲಾರಿಗಳು ಎಡೆಬಿಡದೆ ಓಡಾಡುವ ಕೂಡುರಸ್ತೆ ಅದು. ಹರಿಪ್ರಿಯಾ ತಮ್ಮ ಹೆಸರನ್ನೂ ಕಚೇರಿಯ ನಂಬರನ್ನೂ ನನ್ನಿಂದ ಒಂದು ಚೀಟಿಯಲ್ಲಿ ಬರೆಸಿ, ಅವರ ಪಾಸಿನ ಪ್ಲಾಸ್ಟಿಕ್ ಕವರಿನೊಳಗೆ ಇರಿಸಿದರು. ಏನಾದರೂ ಆದರೆ ಯಾರಾದರೂ ಫೋನು ಮಾಡಲಿ ಎಂದು.

ಎರಡು ವರ್ಷ ಅವರು ಚೆನ್ನಾಗಿದ್ದರು. ನಾನು ಹೋದಾಗಲೆಲ್ಲ ಚಂದ್ರಶೇಖರರೇ ಕಾಫಿ ಮಾಡುತ್ತಿದ್ದರು. ಅವರ ಬಟ್ಟೆಯಲ್ಲಿ, ಕೂದಲಲ್ಲಿ ಮಣಲಿಯ ಘಾಟು ಇರುತ್ತಿತ್ತು, ಎಷ್ಟು ತೊಳೆದರೂ ಹೋಗದ್ದು. "ಗಂಡ ಬಂದ ಅಂತ ನನಗೆ ಓಣಿ ತಿರುವಿನಲ್ಲೇ ಗೊತ್ತಾಗತ್ತೆ," ಎಂದು ಹರಿಪ್ರಿಯಾ ಛೇಡಿಸುತ್ತಿದ್ದರು.

೨೦೦೧ರಲ್ಲಿ, ಒಂದು ಶನಿವಾರ ಮಧ್ಯಾಹ್ನ. ಕಾರ್ಖಾನೆಗೆ ಶನಿವಾರ ಅರ್ಧ ದಿನ, ನಮಗೆ ಪೂರ್ತಿ. ನನ್ನ ಮೇಜಿನ ಫೋನು ಬಡಿಯಿತು. ಎತ್ತಿದೆ. ಹರಿಪ್ರಿಯಾ. ದನಿಯಲ್ಲಿ ಏನೂ ಇರಲಿಲ್ಲ.

"ಪೊಲೀಸ್ ಅಂತೆ. ನನ್ನ ಹೆಸರು ಕೇಳಿದ್ರು, ನಾನೇ ಅಂದೆ. ಬೇರೆ ಯಾರಿಗಾದರೂ ಲೈನ್ ಕೊಡಿ ಅಂತಾರೆ. ನಿಮಗೆ ಕೊಡ್ತೀನಿ."

ಲೈನು ಬಂತು. ಅಷ್ಟು ಹೊತ್ತಿಗೆ ನನಗೆ ತಮಿಳು ಬರುತ್ತಿತ್ತು. ಪೊಲೀಸಿನವರು ನಾನು ಯಾರು, ಆ ಅಮ್ಮನಿಗೆ ಏನಾಗಬೇಕು ಎಂದು ವಿಚಾರಿಸಿಕೊಂಡರು. ಮೂಲಕಡೈನಲ್ಲಿ ಒಬ್ಬ ಕುರುಡರು ಬಸ್ಸಿನ ಹಿಂದಿನ ಚಕ್ರಕ್ಕೆ ಸಿಕ್ಕಿದ್ದಾರೆ, ಆಸ್ಪತ್ರೆಗೆ ತರುವ ಮೊದಲೇ ಜೀವ ಹೋಗಿತ್ತು, ಜೇಬಿನಲ್ಲಿ ಒಂದು ಪಾಸು, ಪಾಸಿನ ಜೊತೆ ಈ ನಂಬರು ಇತ್ತು ಎಂದರು. ನಾನು ಏನೆಂದೆನೋ ನೆನಪಿಲ್ಲ. ಅವರು ಫೋನಿಟ್ಟರು. ನಾನು ಇಡುವ ಮೊದಲು ಲೈನಿನಲ್ಲಿ ಇನ್ನೊಂದು ಉಸಿರು ಕೇಳಿಸಿತು.

ಆಪರೇಟರ್ ಲೈನು ಕೊಟ್ಟ ಮೇಲೆ ಹೊರಗೆ ಹೋಗಬೇಕು. ಹರಿಪ್ರಿಯಾ ಹೋಗಿರಲಿಲ್ಲ.

ನಾನು ಮೆಟ್ಟಿಲಿಳಿದು ಓಡಿದೆ. ಅವರು ಕುರ್ಚಿಯಲ್ಲೇ ಇದ್ದರು. ಬೋರ್ಡು ಕರೆಯುತ್ತಿತ್ತು. ಅವರು ಗುಂಡಿ ಒತ್ತಿ, "ವಣಕ್ಕಂ," ಎಂದರು. ಯಾರೋ ಯಾವುದೋ ಸೆಕ್ಷನ್ ಕೇಳಿದರು. ಲೈನು ಕೊಟ್ಟರು. ಮತ್ತೆ ಕರೆ. ಮತ್ತೆ "ವಣಕ್ಕಂ." ನಾನು ಅವರ ಕಿವಿಯಿಂದ ಹೆಡ್‌ಫೋನು ತೆಗೆದಾಗ ಕೈಗಳು ಗುಂಡಿಗಳ ಮೇಲೆ ಹಾಗೇ ನಿಂತವು.

"ಬೋರ್ಡಿಗೆ ಯಾರನ್ನಾದರೂ ಕೂರಿಸ್ರೀ," ಎಂದರು. "ಹೋಗೋಣ."

ಶವಾಗಾರದ ಬಾಗಿಲಲ್ಲಿದ್ದ ಪೊಲೀಸಿನವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಗುರುತು ಹಿಡಿಯಬೇಕಾದವರು ಹೆಂಡತಿ. ಹೆಂಡತಿಗೆ ಕಣ್ಣಿಲ್ಲ. "ನೀವು ನೋಡಿ ಹೇಳಿಯಮ್ಮ," ಎಂದು ನನಗೆ ಅಂದರು. ಹರಿಪ್ರಿಯಾ ಬಿಡಲಿಲ್ಲ. ನನ್ನ ತೋಳು ಹಿಡಿದು ಒಳಗೆ ಬಂದರು. ಮುಖ ಮುಟ್ಟಲು ಕೈ ಚಾಚಿದಾಗ ಅಲ್ಲಿನ ಕೆಲಸದಾತ ಬೇಡವೆಂದು ಕೈ ತಡೆದ. ಅವರು ಬಾಗಿ ಕೂದಲಿಗೆ ಮೂಗು ತಾಗಿಸಿದರು. ಅಲ್ಲಿನ ಔಷಧಿಯ ವಾಸನೆಯ ನಡುವೆ ಅವರಿಗೆ ಬೇಕಾದದ್ದು ಸಿಕ್ಕಿರಬೇಕು.

"ಇವರೇ," ಎಂದರು.

ಆದರೂ ಪೊಲೀಸರು ಕಣ್ಣಿರುವ ಸಂಬಂಧಿಕರೊಬ್ಬರು ಬೇಕೆಂದರು. ನಾನು ಕಮಲಾಕರರಿಗೆ ಫೋನು ಮಾಡಿದೆ. ಎರಡು ವರ್ಷದಿಂದ ತಂಗಿಯ ಮನೆ ಬಾಗಿಲು ತುಳಿಯದ ಮನುಷ್ಯ ಸ್ಕೂಟರಿನಲ್ಲಿ ಬಂದರು. ಒಳಗೆ ಹೋಗಿ ಬಂದು ಸಹಿ ಹಾಕಿದರು. ನಮ್ಮಿಬ್ಬರ ಮಾತು ನಂಬಿ ಹಾಕಿದ ಸಹಿ ಅದು; ತಂಗಿಯ ಗಂಡನನ್ನು ಅವರು ಮುಖಾಮುಖಿ ನೋಡಿದ್ದು ಅದೇ ಮೊದಲು. ಹೊರಗೆ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತರು. ಹರಿಪ್ರಿಯಾ ಅಳಲಿಲ್ಲ. ಮುಳಬಾಗಿಲಿನಿಂದ ಚಂದ್ರಶೇಖರರ ತಮ್ಮ ಬಂದು ಮಣ್ಣು ಮಾಡಿದರು. ಕಮಲಾಕರ ಕೊನೆಯವರೆಗೂ ನಿಂತಿದ್ದರು.

ಒಬ್ಬಂಟಿ ಕುರುಡು ಹೆಂಗಸಿಗೆ ಪೋರ್ಷನ್ ಬಿಟ್ಟಿರಲು ವಠಾರದ ಯಜಮಾನರು ಹಿಂಜರಿದರು. ಹರಿಪ್ರಿಯಾ ಅಣ್ಣನ ಮನೆಗೆ ಮರಳಿದರು. ಅಲ್ಲಿ ಯಾರೂ ಅವರನ್ನು ಒಂದು ಮಾತು ಅನ್ನಲಿಲ್ಲ. ಚಂದ್ರಶೇಖರರ ಹೆಸರನ್ನೂ ಎತ್ತಲಿಲ್ಲ. "ಮದುವೆಯೇ ಆಗಿಲ್ಲ ಅನ್ನೋ ಹಾಗೆ ನಡ್ಕೋತಾರೆ," ಎಂದು ಹರಿಪ್ರಿಯಾ ನನ್ನೊಡನೆ ಅಂದರು. "ಬೈದಿದ್ರೆ ಬೇಕಾಗಿತ್ತು."

ಕೆಲವು ತಿಂಗಳ ಮೇಲೆ ಸಾರಿಗೆ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಅವರ ಜೊತೆ ನಾನು ಹೋದೆ. ಉದ್ದನೆಯ ಮೇಜು, ಅದರ ಆ ಬದಿಗೆ ಒಬ್ಬ ಅಧಿಕಾರಿ, ಗೋಡೆಯ ಬಳಿ ಖಾಕಿ ತೊಟ್ಟ ಡ್ರೈವರು, ಕಂಡಕ್ಟರು. ಚಂದ್ರಶೇಖರ ಮಣಲಿಯಿಂದ ಅದೇ ಬಸ್ಸಿನಲ್ಲಿ ಬಂದು ಮೂಲಕಡೈನಲ್ಲಿ ಇಳಿಯುವಾಗ ಬಿದ್ದರು ಎಂಬುದು ನಮ್ಮ ಮಾತು. ಡ್ರೈವರು ಹೇಳಿದ್ದೇ ಬೇರೆ: ಆ ಮನುಷ್ಯ ನಮ್ಮ ಬಸ್ಸಿನಲ್ಲಿ ಇರಲೇ ಇಲ್ಲ, ರಸ್ತೆ ದಾಟಲು ಬಂದು ಪಕ್ಕದಿಂದ ಹಿಂದಿನ ಚಕ್ರಕ್ಕೆ ಸಿಕ್ಕಿದರು.

ಅಧಿಕಾರಿ ಕಂಡಕ್ಟರನ ಕಡೆ ತಿರುಗಿದರು. ಕಂಡಕ್ಟರು ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ನೋಡಲಿಲ್ಲ ಸಾರ್. ನಮ್ಮ ಬಸ್ಸಿನಲ್ಲಿ ಕುರುಡರು ಯಾರೂ ಇರಲಿಲ್ಲ."

ಅಧಿಕಾರಿ ನಮ್ಮನ್ನು ಕೇಳಿದರು. "ಅವರು ಬಸ್ಸಿನಲ್ಲಿದ್ದರು ಅಂತೀರಿ. ಟಿಕೆಟ್ ಇತ್ತೇ?"

"ಪಾಸಿತ್ತು ಸಾರ್," ಎಂದರು ಹರಿಪ್ರಿಯಾ. "ಪಾಸಿಗೆ ಟಿಕೆಟ್ ಕೊಡೋದಿಲ್ಲ."

"ಪಾಸು ಜೇಬಿನಲ್ಲಿ ಯಾವಾಗಲೂ ಇರುತ್ತದಮ್ಮಾ. ಅದರಿಂದ ಈ ಬಸ್ಸಿನಲ್ಲಿದ್ದರು ಅಂತ ಹೇಗೆ ಹೇಳೋದು?"

ಅವರ ದನಿ ಒರಟಾಗಿರಲಿಲ್ಲ. ನಿಜಕ್ಕೂ ಉತ್ತರ ಬೇಕೆನ್ನುವವರ ಹಾಗೆ ಕೇಳಿದರು. ಬಸ್ಸಿನಲ್ಲಿದ್ದ ಜನ ಅವತ್ತೇ ಚೆದುರಿ ಹೋಗಿದ್ದರು. ಅಷ್ಟು ಜನರಲ್ಲಿ ಒಬ್ಬರೂ ಪೊಲೀಸರಿಗೆ ಹೆಸರು ಕೊಟ್ಟಿರಲಿಲ್ಲ. ಮೃತರ ಅಜಾಗರೂಕತೆ ಎಂದು ಬರೆದು ಮುಗಿಸಿದರು.

ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ಹರಿಪ್ರಿಯಾ, "ಇರಲೇ ಇಲ್ಲ ಅಂದುಬಿಟ್ರಲ್ಲ," ಎಂದರು.

ಮರುದಿನ ನಾವು ಎಂದಿನಂತೆ ಬಸ್ಸು ಹತ್ತಿದೆವು. ಕಂಡಕ್ಟರು ಹಳಬ, ಹರಿಪ್ರಿಯಾರನ್ನು ಬಲ್ಲವನು. ಪಾಸು ಕೇಳುವುದನ್ನೂ ಬಿಟ್ಟಿದ್ದ. ಹರಿಪ್ರಿಯಾ ಕೈಯಲ್ಲಿ ಚಿಲ್ಲರೆ ಹಿಡಿದು, "ಒಂದು ಎಗ್ಮೋರ್," ಎಂದರು.

"ನಿಮಗೆ ಪಾಸಿದೆಯಲ್ಲಮ್ಮಾ?"

"ಇದೆ. ಟಿಕೆಟ್ ಕೊಡಿ."

ಅವನು ನನ್ನ ಮುಖ ನೋಡಿದ. ಟಿಕೆಟ್ ಹರಿದು ಕೊಟ್ಟ. ಹರಿಪ್ರಿಯಾ ಅದನ್ನು ಮಡಚಿ ಗಡಿಯಾರದ ಪಟ್ಟಿಯ ಕೆಳಗೆ ಸಿಕ್ಕಿಸಿಕೊಂಡರು. ಕಚೇರಿಯ ಗೇಟು ದಾಟಿದ ಮೇಲೆಯೇ ತೆಗೆದು ಎಸೆದದ್ದು.

"ಪಾಸ್ ಇರೋವಾಗ ಯಾಕೆ ದಂಡ?" ಎಂದು ಕೇಳಿದೆ.

"ನಾಳೆ ನಾನು ಬಿದ್ದರೆ, ಬಸ್ಸಿನಲ್ಲಿದ್ದೆ ಅನ್ನೋಕ್ಕೆ ಒಂದು ಕಾಗದ ಇರಲಿ ಗುಣವತಿ."

ಅಂದಿನಿಂದ ಅವರು ದಿನಾ ಟಿಕೆಟ್ ಕೊಂಡರು. ಹಾಗಂತ ಪಾಸನ್ನು ಬಿಡಲಿಲ್ಲ. ವರ್ಷವರ್ಷವೂ ಹೋಗಿ ಹೊಸದು ಮಾಡಿಸಿದರು. ಬಳಸದ ಪಾಸು ಯಾಕೆ ಎಂದು ಕಮಲಾಕರ ಕೇಳಿದರೆ, "ಅದು ನನ್ನ ಹಕ್ಕು. ನಾನ್ಯಾಕೆ ಬಿಡಲಿ?" ಎನ್ನುತ್ತಿದ್ದರು. ಕೆಲವು ಕಂಡಕ್ಟರುಗಳಿಗೆ ಅದು ತಮಾಷೆಯಾಗಿತ್ತು. ಒಬ್ಬ, ದುಡ್ಡು ಜಾಸ್ತಿಯಾಗಿದೆಯೇ ಎಂದ. ಇನ್ನೊಬ್ಬ ಸುಮ್ಮನೆ ಮುಂದಕ್ಕೆ ಹೋದ. ಹರಿಪ್ರಿಯಾ ಅವನು ಟಿಕೆಟ್ ಕೊಡುವವರೆಗೂ ಕೈ ಚಾಚಿಕೊಂಡೇ ನಿಂತಿದ್ದರು. ಜನ ನೋಡುತ್ತಿದ್ದರು. ಒಂದೊಂದು ಸಲ ನನಗೆ ಮುಜುಗರವಾಗುತ್ತಿತ್ತು. ಅವರಿಗೆ ಆಗುತ್ತಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ನಮ್ಮ ದಾರಿಗೆ ಒಬ್ಬ ಹೊಸ ಕಂಡಕ್ಟರು ಬಂದ. ಅವತ್ತು ಬಸ್ಸಿನಲ್ಲಿ ಬಹಳ ಜನ. ನಾವು ಮುಂದೆ ಹೆಂಗಸರ ಸೀಟಿನಲ್ಲಿದ್ದೆವು. ಹಿಂದಿನಿಂದ ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಡವ್ಟನ್, ಡವ್ಟನ್ ಇಳಿಯೋರು," ಎಂದು ಕೂಗಿದರು. ಹರಿಪ್ರಿಯಾ ನನ್ನ ಮಣಿಕಟ್ಟು ಹಿಡಿದರು. ಉಗುರು ನಾಟುವ ಹಾಗೆ.

"ಅವನೇ," ಎಂದರು.

ತಿರುಗಿ ನೋಡಿದೆ. ಹೌದು, ವಿಚಾರಣೆಯ ದಿನ ಗೋಡೆಯ ಬಳಿ ನಿಂತಿದ್ದವನು. ಅವನೂ ನಮ್ಮನ್ನು ಕಂಡ. ಅಲ್ಲಿಂದ ಎಗ್ಮೋರಿನವರೆಗೆ ಅವನು ನಮ್ಮ ಸೀಟಿನ ಕಡೆ ಬರಲಿಲ್ಲ. ಇಳಿಯುವಾಗ ಹರಿಪ್ರಿಯಾ ಮೆಟ್ಟಿಲ ಮೇಲೆ ನಿಂತು, ಗಟ್ಟಿಯಾಗಿ ತಮಿಳಿನಲ್ಲಿ, "ಕಂಡಕ್ಟರ್, ನನಗೆ ಟಿಕೆಟ್ ಕೊಟ್ಟಿಲ್ಲ," ಎಂದರು. ಅವನು ಜನರ ನಡುವೆ ನುಸುಳಿಕೊಂಡು ಬಂದು ಟಿಕೆಟ್ ಕೊಟ್ಟ.

ಕೆಲವು ದಿನಗಳ ನಂತರ ಊಟದ ಹೊತ್ತಿನಲ್ಲಿ ಕಾವಲುಗಾರ ಬಂದು, ಹರಿಪ್ರಿಯಾರನ್ನು ನೋಡಲು ಯಾರೋ ಬಂದಿದ್ದಾರೆ ಎಂದ. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಆ ಕಂಡಕ್ಟರು ನಿಂತಿದ್ದ. ಖಾಕಿ ಅಂಗಿಯ ಮೇಲೆ ಬೇರೊಂದು ಅಂಗಿ ಹಾಕಿಕೊಂಡಿದ್ದ. ಯಾರೆಂದು ನಾನು ಕಿವಿಯಲ್ಲಿ ಹೇಳಿದಾಗ ಹರಿಪ್ರಿಯಾ ನನಗೆ ಹೋಗಬೇಡಿ ಎಂದರು.

ಅವನು ಸುತ್ತ ಒಮ್ಮೆ ನೋಡಿದ. ಆಮೇಲೆ ತಮಿಳಿನಲ್ಲಿ ಒಂದೇ ಉಸಿರಿಗೆ ಹೇಳಿದ. "ಸಾರ್ ಬಸ್ಸಿನಲ್ಲಿದ್ದರಮ್ಮಾ. ದಿನಾ ಬರ್ತಿದ್ದರು. ಮೂಲಕಡೈ ಬಂತಾ ಅಂತ ನನ್ನನ್ನೇ ಕೇಳ್ತಿದ್ದರು. ಅವತ್ತು ಸ್ಟಾಪಿನಲ್ಲಿ ಲಾರಿ ನಿಂತಿತ್ತು. ಡ್ರೈವರು ಮುಂದೆ, ರೋಡಿನ ನಡುವೆಯೇ ನಿಧಾನ ಮಾಡಿದರು. ನಾನು ಬೇಗ ಇಳಿಯಿರಿ ಅಂದೆ. ಒಂದು ಕಾಲು ಕೆಳಗಿಟ್ಟರು. ಇಳಿದರು ಅಂದುಕೊಂಡೆ. ವಿಸಿಲ್ ಹಾಕಿದ್ದು ನಾನೇ."

ಮರದ ಮೇಲೆ ಕಾಗೆಗಳು ಕೂಗುತ್ತಿದ್ದವು. ಹರಿಪ್ರಿಯಾ ಕೋಲನ್ನು ಎರಡು ಕೈಗಳಲ್ಲಿ ಹಿಡಿದು ನಿಂತಿದ್ದರು.

"ಏನಾದರೂ ಅಂದರಾ?" ಎಂದು ಕೇಳಿದರು.

"ಯಾರು?"

"ಅವರು. ಬಿದ್ದಾಗ."

"ಇಲ್ಲಮ್ಮಾ. ಕೋಲು ಬಿದ್ದ ಶಬ್ದ ಮಾತ್ರ."

"ಇದನ್ನು ಅಲ್ಲಿ ಬಂದು ಹೇಳ್ತೀರಾ? ಆ ಆಫೀಸರ್ ಮುಂದೆ?"

ಅವನು ನನ್ನ ಕಡೆ ನೋಡಿದ. ನಾನಾದರೂ ಅವನ ಪರ ಒಂದು ಮಾತು ಆಡಲಿ ಎಂಬಂತೆ. "ಕೆಲಸ ಹೋಗುತ್ತಮ್ಮಾ. ಡ್ರೈವರ್‌ಗೂ ಹೋಗುತ್ತೆ. ಜೈಲು ಆದರೂ ಆಗಬಹುದು. ಮಕ್ಕಳು ಸಣ್ಣವು."

"ಹಾಗಾದರೆ ನನಗೆ ಯಾಕೆ ಹೇಳಿದ್ರಿ?"

"ಹೇಳದೆ ಇರೋಕ್ಕಾಗಲಿಲ್ಲ. ದಿನಾ ಕೈ ಚಾಚಿ ಟಿಕೆಟ್ ಕೇಳ್ತೀರಿ. ನನಗೆ ನಿದ್ದೆ ಇಲ್ಲ."

ಹರಿಪ್ರಿಯಾ ತಲೆಯಾಡಿಸಿದರು. "ಇವತ್ತು ನಿದ್ದೆ ಬರತ್ತೆ, ಹೋಗಿ," ಎಂದರು. ತಿರುಗಿ ಒಬ್ಬರೇ ನಡೆದರು. ಗೇಟಿನ ಕಂಬಕ್ಕೆ ಭುಜ ತಾಗಿತು. ಅಷ್ಟು ವರ್ಷದಲ್ಲಿ ಅವರು ಆ ಕಂಬಕ್ಕೆ ತಾಗಿದ್ದನ್ನು ನಾನು ಕಂಡಿರಲಿಲ್ಲ.

ಬೋರ್ಡ್ ರೂಮಿನಲ್ಲಿ ಅವರು ಮೊದಲ ಸಲ ಅತ್ತರು. ಜೋರಾಗಿ, ಮೇಜಿನ ಮೇಲೆ ಹಣೆಯಿಟ್ಟು, ಕರೆಗಳು ಬರುತ್ತಿದ್ದರೂ ಲೆಕ್ಕಿಸದೆ. ನಾನು ಬಾಗಿಲು ಹಾಕಿ ಹೊರಗೆ ನಿಂತೆ. ಮೇಲಿನಿಂದ ಸೂಪರಿಂಟೆಂಡೆಂಟರು ಇಳಿದು ಬಂದು, ಫೋನು ಯಾಕೆ ಎತ್ತುತ್ತಿಲ್ಲ ಎಂದರು. ಲೈನು ಕೆಟ್ಟಿದೆ ಎಂದೆ.

ನಾವು ಮತ್ತೆ ಆ ಸಾರಿಗೆ ಕಚೇರಿಗೆ ಹೋದೆವು. ಅಧಿಕಾರಿ ಬೇರೆಯವರು. ಎಲ್ಲವನ್ನೂ ಕೇಳಿಸಿಕೊಂಡು, ಕಂಡಕ್ಟರು ಬರೆದುಕೊಟ್ಟಿದ್ದಾನೆಯೇ ಎಂದರು. ಇಲ್ಲ. ಬಂದು ಹೇಳುತ್ತಾನೆಯೇ? ಇಲ್ಲ. ಕರೆದು ಕೇಳಿ ಎಂದರು ಹರಿಪ್ರಿಯಾ. ಕರೆದು ಕೇಳಿದರಂತೆ. ಅವನು ನಮ್ಮ ಕಚೇರಿಯ ಗೇಟಿಗೆ ಬಂದೇ ಇಲ್ಲ ಎಂದನಂತೆ. ಸ್ವಲ್ಪ ದಿನಕ್ಕೆ ಬೇರೆ ದಾರಿಗೆ ವರ್ಗವಾಗಿ ಹೋದ. ನಾನು ಅವನನ್ನು ಮತ್ತೆ ನೋಡಲಿಲ್ಲ.

ನಮ್ಮ ಗೇಟಿನ ಕಾವಲುಗಾರ ಅವನು ಬಂದದ್ದನ್ನು ನೋಡಿದ್ದ, ನಾನೂ ನೋಡಿದ್ದೆ. ನಾವಿಬ್ಬರೂ ಬರೆದುಕೊಟ್ಟೆವು. ಅದಕ್ಕೆ ಉತ್ತರ ಬರಲಿಲ್ಲ. ಹರಿಪ್ರಿಯಾ ಅಷ್ಟಕ್ಕೆ ನಿಲ್ಲಿಸಿದರು. ಕಮಲಾಕರ ವಕೀಲರ ಮಾತೆತ್ತಿದಾಗ, "ಅಣ್ಣಾ, ನನಗೆ ಗೊತ್ತಾಗ್ಬೇಕಿತ್ತು, ಗೊತ್ತಾಯ್ತು. ಇನ್ನು ಅವರ ಬಾಯಲ್ಲಿ ಹೇಳಿಸೋಕ್ಕೆ ನನ್ನ ಕೈಲಾಗಲ್ಲ," ಎಂದರಂತೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಕಮಲಾಕರ ಮೊದಲ ಬಾರಿಗೆ ಚಂದ್ರಶೇಖರರ ಹೆಸರು ಹಿಡಿದು, ಅವರು ಏನು ಇಷ್ಟಪಟ್ಟು ಉಣ್ಣುತ್ತಿದ್ದರು ಎಂದು ತಂಗಿಯನ್ನು ಕೇಳಿದರು. ಇದನ್ನು ನನಗೆ ಹೇಳುವಾಗ ಹರಿಪ್ರಿಯಾರ ದನಿ ಸ್ವಲ್ಪ ಹಗುರವಾಗಿತ್ತು.

೨೦೦೫ರಲ್ಲಿ ಕಚೇರಿಗೆ ತಾನಾಗಿ ಲೈನು ಕೊಡುವ ಯಂತ್ರ ಬಂತು. ಫೋನು ಮಾಡಿದವರಿಗೆ ಮೊದಲೇ ರೆಕಾರ್ಡು ಮಾಡಿಟ್ಟ ಯಾವುದೋ ಹುಡುಗಿಯ ದನಿ ಕೇಳಿಸತೊಡಗಿತು. ಹರಿಪ್ರಿಯಾರನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ, ಕೆಲಸ ಕೊಡುವಂತೆಯೂ ಇರಲಿಲ್ಲ. ಟಪಾಲು ವಿಭಾಗದ ಮೂಲೆಯಲ್ಲಿ ಒಂದು ಕುರ್ಚಿ ಹಾಕಿದರು. ಬೆಳಿಗ್ಗೆ ಬಂದು ಕೂತು, ಸಂಜೆ ಎದ್ದು ಹೋಗುತ್ತಿದ್ದರು. ಒಂದು ದಿನ ಸುಮ್ಮನೆ ಕೂತಲ್ಲೇ ಬೆರಳುಗಳು ಮೇಜಿನ ಮೇಲೆ ಗುಂಡಿ ಒತ್ತುವಂತೆ ಆಡುತ್ತಿದ್ದವು. ನಾನು ಹತ್ತಿರ ಹೋದಾಗ ನಿಲ್ಲಿಸಿಬಿಟ್ಟರು.

ನನಗೆ ಮೈಸೂರಿಗೆ ವರ್ಗವಾದದ್ದು ಅದರ ಮರುವರ್ಷ. ಕೊನೆಯ ದಿನ ಸಂಜೆ ಇಬ್ಬರೂ ಒಟ್ಟಿಗೆ ಸ್ಟಾಪಿಗೆ ಬಂದೆವು. ನನ್ನ ಕೈಯಲ್ಲಿ ಬೀಳ್ಕೊಡುಗೆಯ ಹಾರ, ಚೀಲಗಳು. ಹರಿಪ್ರಿಯಾ ಚಿಲ್ಲರೆ ಹಿಡಿದು ಸಿದ್ಧವಾಗಿ ನಿಂತಿದ್ದರು. ಬಸ್ಸು ಬಂತು. ನಮ್ಮನ್ನು ದಾಟಿ, ಅಷ್ಟು ದೂರ ಹೋಗಿ ನಿಂತಿತು. ಜನ ಓಡಿದರು. ನಾನೂ ಅಭ್ಯಾಸದಂತೆ ಅವರ ತೋಳು ಹಿಡಿದು ಹೆಜ್ಜೆ ಕಿತ್ತೆ.

ಅವರು ಅಲುಗಲಿಲ್ಲ.

"ಓಡಬೇಡ್ರೀ," ಎಂದರು. "ಸ್ಟಾಪ್ ಇಲ್ಲಿದೆ. ಬೇಕಾದರೆ ಹಿಂದೆ ಬರಲಿ."

ನಾನು ಚೀಲಗಳನ್ನು ಕೆಳಗಿಟ್ಟೆ. ಕಂಡಕ್ಟರು ಮೆಟ್ಟಿಲಿನಿಂದ ಹೊರಗೆ ಬಾಗಿ ನಮ್ಮ ಕಡೆ ನೋಡಿದ, ಕೈ ಬೀಸಿ 'ಬನ್ನಿ' ಎಂದ. ಆಮೇಲೆ ವಿಸಿಲ್ ಕೇಳಿಸಿತು. ಹರಿಪ್ರಿಯಾ ಕೋಲನ್ನು ಎರಡು ಕೈಗಳಲ್ಲಿ ಹಿಡಿದುಕೊಂಡರು. ಬಸ್ಸು ಹೊರಟಿತು. ನಾವು ಇನ್ನೊಂದಕ್ಕೆ ಕಾಯುತ್ತ ನಿಂತೆವು.